ಹಳೆಯ ಬೈಕುಗಳ ಕ್ಲಬ್ಬಿನಿಂದ ಎರಡು ದಿನದ ಕ್ಯಾಂಪಿಂಗ್ ರ‍್ಯಾಲಿ ನಡೆಸುವುದು ಹೇಗೆ?

ಮೈಸೂರಿನ ನಿಮ್ಮ ಜಾವಾ–ಯೆಜ್ಡಿ ಕ್ಲಬ್ಬಿನಲ್ಲಿ ಅರುವತ್ತು ಜನರಿದ್ದು, ಮೊದಲ ಸಲ ಸಕಲೇಶಪುರದ ಕಡೆ ಶನಿವಾರ ರಾತ್ರಿ ಟೆಂಟ್ ಹಾಕಿ ಉಳಿಯುವ ರ‍್ಯಾಲಿ ಮಾಡಬೇಕೆಂದು ಬರೆದಿದ್ದೀರಿ. ಯಾವ ತಿಂಗಳು ಒಳ್ಳೆಯದು, ಎಷ್ಟು ಜನ ಹೋಗಬಹುದು, ಖರ್ಚೆಷ್ಟು, ಎಲ್ಲಿ ಎಡವುತ್ತೇವೆ ಎಂಬುದು ನಿಮ್ಮ ಪ್ರಶ್ನೆ. ಇಂಥದ್ದೇ ಒಂದು ಕ್ಲಬ್ಬಿಗಾಗಿ ನಾನು ಆರು ವರ್ಷ ಈ ಜವಾಬ್ದಾರಿ ಹೊತ್ತಿದ್ದೇನೆ. ಎರಡು ಸಲ ರ‍್ಯಾಲಿ ಕೆಟ್ಟಿದೆ, ಎರಡು ಸಲವೂ ಕಾರಣ ಒಂದೇ: ಶನಿವಾರ ಕತ್ತಲಾಗುವ ಮೊದಲು ಎಲ್ಲರೂ ಜಾಗ ಸೇರಿರಲಿಲ್ಲ. ಆದ್ದರಿಂದ ನನ್ನ ಲೆಕ್ಕವೆಲ್ಲ ಸಂಜೆ ಐದು ಗಂಟೆಯಿಂದ ಹಿಂದಕ್ಕೆ ಹೋಗುತ್ತದೆ. ನಿಮ್ಮ ಅರುವತ್ತರಲ್ಲಿ ನಲವತ್ತು ಜನ ಹೊರಡುತ್ತಾರೆಂದು ಹಿಡಿದಿದ್ದೇನೆ, ಏಕೆಂದು ಕೊನೆಗೆ ಹೇಳುತ್ತೇನೆ.

ತಿಂಗಳಿನ ವಿಚಾರದಲ್ಲಿ ಹೆಚ್ಚಿನವರು ಡಿಸೆಂಬರ್ ಎನ್ನುತ್ತಾರೆ. ನಾನು ಫೆಬ್ರವರಿ ಎನ್ನುತ್ತೇನೆ. ಡಿಸೆಂಬರಿನಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನಡೆದಿರುತ್ತದೆ, ಕಣದ ತುಂಬ ಹಣ್ಣು ಹರಡಿರುತ್ತದೆ, ಆಳುಗಳಿಗೆ ಬಿಡುವಿರುವುದಿಲ್ಲ. ಆ ಹೊತ್ತಿನಲ್ಲಿ ನಲವತ್ತು ಬೈಕುಗಳೊಂದಿಗೆ ತೋಟಕ್ಕೆ ನುಗ್ಗಿದರೆ ತೋಟದ ಮಾಲೀಕರು ಬಾಯಲ್ಲಿ ಬನ್ನಿ ಎಂದರೂ ಮನಸ್ಸಿನಲ್ಲಿ ಶಪಿಸುತ್ತಾರೆ. ಫೆಬ್ರವರಿಯ ಹೊತ್ತಿಗೆ ಭತ್ತದ ಕೊಯ್ಲೂ ಮುಗಿದು ಗದ್ದೆ ಒಣಗಿರುತ್ತದೆ. ಮಲೆನಾಡಿನಲ್ಲಿ ನಲವತ್ತು ಟೆಂಟುಗಳಿಗೆ ಸಾಲುವಷ್ಟು ಸಮತಟ್ಟಾದ ಜಾಗ ಸಿಗುವುದು ಕೊಯ್ದ ಗದ್ದೆಯಲ್ಲಿ ಮಾತ್ರ. ಮಳೆಗಾಲದ ಇಂಬಳಗಳ ಕಾಟವೂ ಆಗ ಇರುವುದಿಲ್ಲ. ಒಂದೇ ತೊಂದರೆಯೆಂದರೆ ಕೂಳೆ. ಕೊಯ್ದ ಭತ್ತದ ಬುಡಗಳು ಒಣಗಿ ಮೊಳೆಯಂತೆ ನಿಂತಿರುತ್ತವೆ, ಟೆಂಟಿನ ತಳವನ್ನೂ ಅದರ ಮೇಲೆ ಮಲಗಿದವರ ಬೆನ್ನನ್ನೂ ಚುಚ್ಚುತ್ತವೆ. ನಾವು ಹಿಂದಿನ ದಿನವೇ ಇಬ್ಬರನ್ನು ಕಳುಹಿಸಿ, ಟೆಂಟ್ ಬೀಳುವಲ್ಲೆಲ್ಲ ಒಣಹುಲ್ಲು ಹರಡಿಸಿ, ಅದರ ಮೇಲೆ ಟಾರ್ಪಾಲು ಹಾಸಿಸುತ್ತೇವೆ.

ಜಾಗ ನೋಡಲು ಹೋದಾಗ ಆನೆಯ ವಿಷಯವನ್ನು ಮೊದಲು ಕೇಳಿ. ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ತೋಟಕ್ಕಿಳಿಯುವುದು ದಿನನಿತ್ಯದ ಮಾತು, ಅರಣ್ಯ ಇಲಾಖೆಯೇ ಅವುಗಳ ಓಡಾಟದ ಬಗ್ಗೆ ಮೊಬೈಲಿಗೆ ಸಂದೇಶ ಕಳುಹಿಸುತ್ತದೆ. ಮಾಲೀಕರಿಗಿಂತ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಇರುವ ಕೆಲಸದವರು ಹೆಚ್ಚು ಸರಿಯಾಗಿ ಹೇಳುತ್ತಾರೆ: ಯಾವ ಹಳ್ಳದ ಪಕ್ಕ ಹಾದು ಬರುತ್ತವೆ, ಎಷ್ಟು ಹೊತ್ತಿಗೆ, ಈ ವಾರ ಬಂದಿದ್ದವೋ ಇಲ್ಲವೋ ಎಂದು. ಅವರು ತಲೆ ಅಲ್ಲಾಡಿಸಿದ ಜಾಗವನ್ನು ಎಷ್ಟೇ ಸುಂದರವಾಗಿದ್ದರೂ ಬಿಟ್ಟುಬಿಡಿ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಟೆಂಟ್ ಹಾಕುವ ಯೋಚನೆಯನ್ನಂತೂ ಮಾಡಲೇಬೇಡಿ. ಖಾಸಗಿ ಜಮೀನಾದರೂ ಸ್ಥಳೀಯ ಪೊಲೀಸ್ ಠಾಣೆಗೆ, ಬರುವವರ ಸಂಖ್ಯೆಯನ್ನೂ ಮಾಲೀಕರ ಒಪ್ಪಿಗೆಯನ್ನೂ ತಿಳಿಸುವ ಒಂದು ಪತ್ರ ಕೊಟ್ಟು ಬನ್ನಿ.

ಈಗ ದಾರಿ. ಕೆ.ಆರ್. ನಗರ, ಹೊಳೆನರಸೀಪುರ, ಹಾಸನದ ಮೇಲೆ ಮೈಸೂರಿನಿಂದ ಸಕಲೇಶಪುರಕ್ಕೆ ಸುಮಾರು 160 ಕಿಲೋಮೀಟರ್. ಹೊಸ ಬೈಕಿನವನೊಬ್ಬನೇ ಹೋದರೆ ಮೂರೂವರೆ ಗಂಟೆ ಸಾಕು. ಆದರೆ ನಿಮ್ಮ ಕೈಯಲ್ಲಿರುವುದು 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು. ಇವುಗಳಲ್ಲಿ ಅತ್ಯಂತ ಎಳೆಯದಕ್ಕೂ ಇಷ್ಟು ಹೊತ್ತಿಗೆ ಮಧ್ಯವಯಸ್ಸು. ನಲವತ್ತು ಬೈಕಿನ ಗುಂಪಿಗೆ ತಿಂಡಿ, ಊಟ, ರಿಪೇರಿ ಸೇರಿಸಿ ನಾನು ಏಳೂವರೆ ಗಂಟೆ ಹಿಡಿಯುತ್ತೇನೆ. ಸಂಜೆ ಐದಕ್ಕೆ ಸೇರಬೇಕಾದರೆ ಬೆಳಿಗ್ಗೆ ಒಂಬತ್ತೂವರೆಗೆ ಹೊರಡಬಹುದೆಂದು ಯಾರಾದರೂ ವಾದಿಸುತ್ತಾರೆ. ಏಳೂವರೆಗೆ ಹೊರಡಿ.

ಆ ಎರಡು ಗಂಟೆ ಏಕೆ ಬೇಕೆಂಬುದನ್ನು ನಾನು ಮೂರನೆಯ ವರ್ಷ ಕಲಿತೆ. ನಮ್ಮ ಹಿರಿಯ ಸದಸ್ಯರೊಬ್ಬರು ದಾರಿಯ ಬಂಕಿನಲ್ಲಿ ತಮ್ಮ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಆರು ಲೀಟರ್ ಪೆಟ್ರೋಲ್ ಹಾಕಿಸಿಕೊಂಡರು. 2ಟಿ ಎಣ್ಣೆಯ ಡಬ್ಬಿ ಮುಂದೆ ಹೋಗಿದ್ದ ಗೆಳೆಯನ ಚೀಲದಲ್ಲಿತ್ತು, ಮುಂದೆ ಸಿಕ್ಕಾಗ ಹಾಕಿದರಾಯಿತು ಎಂದುಕೊಂಡರು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬರುವ ಎಣ್ಣೆಯೇ ಜೀವ ಎಂಬುದನ್ನು ನನಗೆ ಕಲಿಸಿದವರೂ ಅವರೇ. ಹಾಸನ ತಲುಪುವ ಮೊದಲೇ ಒಂದು ಏರಿನಲ್ಲಿ ಎಂಜಿನ್ ಒಮ್ಮೆ ಕೀರಲು ದನಿ ತೆಗೆದು ಹಿಂದಿನ ಚಕ್ರವನ್ನೇ ಹಿಡಿದುಕೊಂಡಿತು. ಕ್ಲಚ್ ಹಿಡಿದು ಬದಿಗೆ ತಂದದ್ದರಿಂದ ಬೀಳಲಿಲ್ಲ. ಎಂಜಿನ್ ತಣಿಯುವವರೆಗೆ ಕಾದು, ಪ್ಲಗ್ ಬಿಚ್ಚಿ, ಆ ತೂತಿನಿಂದ ಒಂದಿಷ್ಟು ಎಣ್ಣೆ ಬಿಟ್ಟು, ಕಿಕ್ಕರನ್ನು ಕೈಯಿಂದಲೇ ಮೆಲ್ಲಗೆ ಒತ್ತುತ್ತ ಹೋದಾಗ ಪಿಸ್ಟನ್ ಬಿಟ್ಟುಕೊಟ್ಟಿತು. ಆದರೆ ಬೋರಿನಲ್ಲಿ ಗೀರು ಬಿದ್ದು ಬೈಕಿಗೆ ಕಂಪ್ರೆಷನ್ನೇ ಉಳಿದಿರಲಿಲ್ಲ. ಅದನ್ನು ಸಾಗಿಸಲು ಬಾಡಿಗೆ ಗಾಡಿ ಹುಡುಕುವುದರಲ್ಲಿ ಎರಡು ಗಂಟೆ ಹೋಯಿತು, ಕೊನೆಯ ಹನ್ನೊಂದು ಜನ ತೋಟದ ಮಣ್ಣುದಾರಿಯಲ್ಲಿ ಆರು ವೋಲ್ಟಿನ ದೀಪದ ಬೆಳಕಿನಲ್ಲಿ ಬಂದರು. ಆ ದೀಪಕ್ಕಿಂತ ಮಿಣುಕುಹುಳವೇ ವಾಸಿ.

ಅಂದಿನಿಂದ ಪ್ರತಿಯೊಬ್ಬರೂ 200 ಮಿಲಿಲೀಟರಿನ ಎರಡು ಬಾಟಲಿ ಎಣ್ಣೆಯನ್ನು ತಮ್ಮ ಬೈಕಿನಲ್ಲೇ ಇಟ್ಟುಕೊಳ್ಳಬೇಕು: ಲೀಟರಿಗೆ 40 ಮಿಲಿಲೀಟರಿನಂತೆ ಒಂದು ಬಾಟಲಿ ಐದು ಲೀಟರಿಗೆ. ಪೆಟ್ರೋಲ್ ಹಾಕಿಸುವುದು ಹಾಸನದಲ್ಲಿ ಮಾತ್ರ, ಎಲ್ಲರೂ ಒಟ್ಟಿಗೆ. ಎಂಟೆಂಟು ಬೈಕುಗಳ ಗುಂಪು ಮಾಡಿ, ಪ್ರತಿ ಗುಂಪಿನ ಕೊನೆಯಲ್ಲಿ ಕೈಕೆಲಸ ಬಲ್ಲವನೊಬ್ಬನನ್ನು ಇಡಿ; ಪ್ಲಗ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಪಾಯಿಂಟ್ ಸೆಟ್, ಚೈನ್ ಲಾಕ್ ಅವನ ಚೀಲದಲ್ಲಿರಲಿ. ತಿರುವು ಬಂದಲ್ಲಿ, ಹಿಂದಿನವರು ಕಾಣುವವರೆಗೆ ಮುಂದಿನವರು ನಿಲ್ಲಬೇಕು. ಸಕಲೇಶಪುರದಾಚೆ ಮೊಬೈಲ್ ಸಿಗ್ನಲ್ಲನ್ನು ನಂಬುವಂತಿಲ್ಲವಾದ್ದರಿಂದ ಈ ಒಂದು ನಿಯಮ ಹತ್ತು ವಾಟ್ಸಾಪ್ ಗುಂಪುಗಳಿಗೆ ಸಮ. ಎಲ್ಲರ ಹಿಂದೆ ಟೆಂಟು, ಪಾತ್ರೆ ಹೊತ್ತ ಪಿಕಪ್ ಗಾಡಿ ಬರಲಿ, ಅದರಲ್ಲಿ ಒಂದು ಬೈಕಿಗೆ ಜಾಗ ಖಾಲಿ ಇರಲಿ. ಆ ಗಾಡಿಯ ಮುಂದೆ ನೀವಿರಬೇಕು. ರ‍್ಯಾಲಿ ನಡೆಸುವವನಿಗೆ ಎಲ್ಲರ ಮುಂದೆ ಹೋಗುವ ಭಾಗ್ಯವಿಲ್ಲ. ಹೊರಡುವ ಎರಡು ತಿಂಗಳ ಮೊದಲೇ ಎಲ್ಲರ ಆರ್‌ಸಿ ಪರೀಕ್ಷಿಸಿ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದನ್ನು ಹಳೆಯ ಬೈಕಿನವರೇ ಮರೆಯುತ್ತಾರೆ.

ಗದ್ದೆಯಲ್ಲಿ ಬೈಕು ನಿಲ್ಲಿಸುವಾಗ ಸ್ಟ್ಯಾಂಡಿನ ಕೆಳಗೆ ಅಂಗೈಯಗಲದ ಹಲಗೆಯ ತುಂಡು ಇಡಿಸಿ. ಹಗಲು ಗಟ್ಟಿಯಾಗಿ ಕಂಡ ನೆಲ ರಾತ್ರಿಯ ಇಬ್ಬನಿಗೆ ಮೆತ್ತಗಾಗುತ್ತದೆ, ಒಂದು ಬೈಕು ವಾಲಿದರೆ ಸಾಲಿನ ನಾಲ್ಕು ಬೀಳುತ್ತವೆ. ಬೆಂಕಿ ಒಂದೇ ಕಡೆ, ಸುತ್ತಲೂ ಹತ್ತಡಿ ಕೂಳೆ ಕೆತ್ತಿಸಿ, ಪಕ್ಕದಲ್ಲಿ ಎರಡು ಡ್ರಮ್ ನೀರಿಟ್ಟು ಹಾಕಿ. ಫೆಬ್ರವರಿ ಕಾಡ್ಗಿಚ್ಚಿನ ಕಾಲವೂ ಹೌದು. ಸಂಜೆ ಏಳಕ್ಕೆ ಎಲ್ಲ ಬೈಕುಗಳ ಕೀಲಿ ಒಂದು ಬುಟ್ಟಿಗೆ ಬೀಳುತ್ತದೆ, ಬೆಳಿಗ್ಗೆ ತಿಂಡಿಯ ನಂತರವೇ ಹಿಂದಕ್ಕೆ ಸಿಗುತ್ತದೆ. ಕುಡಿಯುವವರಿಗೆ ನಾನು ಉಪದೇಶ ಮಾಡುವುದಿಲ್ಲ, ಬುಟ್ಟಿ ಹಿಡಿದು ಎದುರು ನಿಲ್ಲುತ್ತೇನೆ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ನಂತರ ಕಾನೂನಿನಲ್ಲೂ ಅವಕಾಶವಿಲ್ಲ.

ಅಡುಗೆಗೆ ಊರಿನವರನ್ನೇ ಹಿಡಿಯಿರಿ. ಮೊದಲ ವರ್ಷ ಬೆಳಗಿನ ತಿಂಡಿಗೆ ಎಲ್ಲರೂ ಅಕ್ಕಿರೊಟ್ಟಿ ಬೇಕೆಂದರು. ನಲವತ್ತು ಜನರಿಗೆ ಒಂದೊಂದೇ ತಟ್ಟಿ ಬೇಯಿಸುವ ಹೊತ್ತಿಗೆ ಹನ್ನೊಂದು ಗಂಟೆಯಾಯಿತು. ಹಬೆಯಲ್ಲಿ ಒಟ್ಟಿಗೆ ಬೇಯುವ ಕಡುಬು ಮಾಡಿಸಿ, ಎಂಟಕ್ಕೆ ತಿಂಡಿ ಮುಗಿಯುತ್ತದೆ. ಕುಡಿಯಲು 20 ಲೀಟರಿನ ಹತ್ತು ಕ್ಯಾನ್, ಹತ್ತು ಜನರಿಗೊಂದು ಶೌಚಾಲಯ ಬೇಕು.

ಖರ್ಚು ಪೆಟ್ರೋಲ್ ಬಿಟ್ಟು ತಲೆಗೆ ಸುಮಾರು 1,800 ರೂಪಾಯಿ ಬಂತು, ಅದರಲ್ಲಿ ಊಟದ್ದೇ ಅರ್ಧದಷ್ಟು. ಹಣವನ್ನು ಹದಿನೈದು ದಿನ ಮೊದಲೇ ಪೂರ್ತಿ ವಸೂಲು ಮಾಡಿ, ಹಿಂದಿರುಗಿಸುವುದಿಲ್ಲವೆಂದು ಮೊದಲೇ ಹೇಳಿ. ‘ನೋಡೋಣ, ಬರುತ್ತೇನೆ’ ಎಂದವರನ್ನು ಬಂದವರೆಂದು ಎಣಿಸಬೇಡಿ. ಈ ಲೆಕ್ಕದಲ್ಲಿ ನಿಮ್ಮ ಅರುವತ್ತು ತಾನಾಗಿ ನಲವತ್ತಕ್ಕಿಳಿಯುತ್ತದೆ. ಇಳಿಯದಿದ್ದರೆ ನಲವತ್ತಕ್ಕೇ ನಿಲ್ಲಿಸಿ, ಮೊದಲ ಸಲಕ್ಕೆ ಮೂವತ್ತಾದರೆ ಇನ್ನೂ ಒಳ್ಳೆಯದು.

ಭಾನುವಾರ ಹತ್ತಕ್ಕೆ ಹೊರಡುವ ಮೊದಲು ಕಸವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಪಿಕಪ್ಪಿಗೆ ಹಾಕಿಸಿ, ಮಾಲೀಕರನ್ನು ಕರೆದು ಗದ್ದೆಯನ್ನು ಅವರೊಂದಿಗೆ ಒಂದು ಸುತ್ತು ನಡೆಯಿರಿ. ಎಣ್ಣೆ ಸೋರಿದ ಜಾಗದ ಮಣ್ಣನ್ನು ಕೆತ್ತಿ ಚೀಲಕ್ಕೆ ಹಾಕುವುದನ್ನು ಅವರ ಕಣ್ಣೆದುರೇ ಮಾಡಿ. ನಮ್ಮ ಗದ್ದೆಯ ಯಜಮಾನರು ಎರಡನೆಯ ವರ್ಷದಿಂದ ಬಾಡಿಗೆ ಕಡಿಮೆ ಮಾಡಿದ್ದು ಆ ಒಂದು ಚೀಲ ಮಣ್ಣಿನಿಂದ.