ಇಂಬಳ ಕಲ್ಲಾದೀತೇ?

ಪ್ರಶ್ನೆ: ಮೂಳೆ, ಚಿಪ್ಪು ಇಲ್ಲದ ಮೆತ್ತನೆಯ ಪ್ರಾಣಿಗಳೂ ಕಲ್ಲಿನಲ್ಲಿ ಅಚ್ಚಾಗಿ ಸಿಕ್ಕಿವೆ ಅಂತ ಓದಿದೆ. ನಮ್ಮ ತೋಟದ ಇಂಬಳ (ಜಿಗಣೆ) ಸತ್ತರೆ ನಾಲ್ಕು ದಿನಕ್ಕೆ ಗುರುತೂ ಇರುವುದಿಲ್ಲ. ಹಾಗಿರುವಾಗ ಇದು ಹೇಗೆ? ಇವುಗಳನ್ನು ನೋಡಿ ವಿಕಾಸವೆಲ್ಲ ಆಕಸ್ಮಿಕ ಅನ್ನುತ್ತಾರಂತೆ, ನಿಜವೇ? ಬಾಬಾಬುಡನ್‌ಗಿರಿಯಲ್ಲಿ ಹುಡುಕಿದರೆ ಇಂಥವು ಸಿಗಬಹುದೇ?
– ಒಬ್ಬ ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಸಿಗುವುದಿಲ್ಲ, ಸುಮ್ನೆ ಬೆಟ್ಟ ಹತ್ತಿ ಸುಸ್ತಾಗಬೇಡಿ. ಬಾಬಾಬುಡನ್‌ಗಿರಿ, ಕುದುರೆಮುಖದ ಕಬ್ಬಿಣದ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಹಾಸನದ ಗೊರೂರಿನ ಕಡೆಯ ಕಲ್ಲು 300 ಕೋಟಿ ದಾಟಿದೆ. ಕಲ್ಲಿನಲ್ಲಿ ಪ್ರಾಣಿಗಳ ಗುರುತು ಕಾಣಿಸಿಕೊಳ್ಳುವುದು ಸುಮಾರು 60 ಕೋಟಿ ವರ್ಷದಿಂದ ಈಚೆಗೆ. ನಮ್ಮ ಬೆಟ್ಟಗಳು ಹುಟ್ಟಿದಾಗ ಇದ್ದದ್ದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ.

ಇಂಬಳದ ಬಗ್ಗೆ ನೀವು ಹೇಳಿದ್ದು ಸರಿ. ಮೆತ್ತನೆಯ ಮೈ ಉಳಿಯುವುದು ಬಹಳ ಅಪರೂಪ. ಹಾಗೆ ಉಳಿದಿರುವ ಪ್ರಸಿದ್ಧ ಜಾಗ ಕೆನಡಾದ ಬರ್ಜೆಸ್ ಶೇಲ್. ಈಗ ಅದು ಎತ್ತರದ ಬೆಟ್ಟ. ಸುಮಾರು 50.8 ಕೋಟಿ ವರ್ಷದ ಹಿಂದೆ ಸಮುದ್ರದ ತಳವಾಗಿತ್ತು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿಯುತ್ತದಲ್ಲ, ಹಾಗೇ ಅಲ್ಲಿ ನೀರಿನಡಿಯಲ್ಲಿ ನಯವಾದ ಕೆಸರು ಜಾರಿ ಬಂದು ಪ್ರಾಣಿಗಳನ್ನು ಒಮ್ಮೆಗೇ ಮುಚ್ಚಿಹಾಕಿತು. ಕೆಸರಿನೊಳಗೆ ಆಮ್ಲಜನಕ ತೀರಾ ಕಡಿಮೆ. ಹಾಗಾಗಿ ಕೊಳೆಯುವುದು ನಿಧಾನವಾಯಿತು. ಮೈ ಚಪ್ಪಟೆಯಾಗಿ, ಇಂಗಾಲದ ತೆಳು ಪದರವಾಗಿ ಉಳಿಯಿತು. ಕೆಲವದರಲ್ಲಿ ಕಣ್ಣು, ಕರುಳು ಕೂಡ ಕಾಣುತ್ತವೆ.

1909ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಚಾರ್ಲ್ಸ್ ವಾಲ್ಕಾಟ್ ಇವನ್ನು ಕಂಡುಹಿಡಿದರು. ಮುಂದಿನ ವರ್ಷಗಳಲ್ಲಿ 65,000ಕ್ಕೂ ಹೆಚ್ಚು ಮಾದರಿ ಸಂಗ್ರಹಿಸಿ, ಬಹುತೇಕ ಎಲ್ಲವನ್ನೂ ಗೊತ್ತಿದ್ದ ಗುಂಪುಗಳಿಗೇ ಸೇರಿಸಿದರು. ಆರು ದಶಕ ಕಳೆದ ಮೇಲೆ ಬ್ರಿಟನ್ನಿನ ಪಳೆಯುಳಿಕೆ ತಜ್ಞ ಹ್ಯಾರಿ ವಿಟಿಂಗ್ಟನ್ ಮತ್ತು ಅವರ ಶಿಷ್ಯರು ಮತ್ತೆ ನೋಡಿದಾಗಲೇ ಇವುಗಳ ವಿಚಿತ್ರ ಬಯಲಾದದ್ದು. ಓಪಬಿನಿಯಾ ಎಂಬ ಪ್ರಾಣಿಗೆ ಐದು ಕಣ್ಣು, ಮುಂದೆ ಸೊಂಡಿಲು, ಅದರ ತುದಿಯಲ್ಲಿ ಚಿಮುಟ! 1972ರಲ್ಲಿ ವಿಟಿಂಗ್ಟನ್ ಇದರ ಚಿತ್ರ ತೋರಿಸಿದಾಗ ಸಭೆಯಲ್ಲಿದ್ದ ವಿಜ್ಞಾನಿಗಳು ಗೊಳ್ಳೆಂದು ನಕ್ಕರು. ಹ್ಯಾಲುಸಿಜೀನಿಯಾ ಎಂಬ ಇನ್ನೊಂದು ಪ್ರಾಣಿಯ ಕಥೆ ಇನ್ನೂ ತಮಾಷೆ. ಬೆನ್ನಿನ ಮುಳ್ಳುಗಳನ್ನೇ ಕಾಲು ಅಂದುಕೊಂಡು 1977ರಲ್ಲಿ ಅದನ್ನು ತಲೆಕೆಳಗಾಗಿ ಚಿತ್ರಿಸಿದ್ದರು. ಅದು ಸರಿಯಾದದ್ದು 1991ರಲ್ಲಿ.

ಇಂಥ ಎಷ್ಟೋ ನಮೂನೆಗಳು ಅಳಿದುಹೋದವು, ಕೆಲವು ಉಳಿದವು. ಉಳಿದವು ಹೆಚ್ಚು ಸಮರ್ಥವಾಗಿದ್ದವು ಅನ್ನಲು ಪುರಾವೆ ಎಲ್ಲಿದೆ ಅಂತ ಅಮೆರಿಕದ ಪಳೆಯುಳಿಕೆ ತಜ್ಞ ಸ್ಟೀಫನ್ ಜೇ ಗೌಲ್ಡ್ 1989ರಲ್ಲಿ ಕೇಳಿದರು. ಜೀವದ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರೆ ಮನುಷ್ಯ ಬರುವುದೇ ಅನುಮಾನ ಎಂದರು. ವಿಟಿಂಗ್ಟನ್ ಶಿಷ್ಯರಲ್ಲೇ ಒಬ್ಬರಾದ ಸೈಮನ್ ಕಾನ್ವೇ ಮಾರಿಸ್ ಇದನ್ನು ಒಪ್ಪಲಿಲ್ಲ. ಟೇಪನ್ನು ಮತ್ತೆ ಹಾಕಿದರೂ ವಿಕಾಸ ಹೆಚ್ಚುಕಡಿಮೆ ಅದೇ ಕಡೆಗೆ ಬರುತ್ತದೆ ಅನ್ನುವುದು ಅವರ ವಾದ. ಆಕ್ಟೋಪಸ್ಸಿಗೂ ನಮಗೂ ಬೇರೆ ಬೇರೆ ದಾರಿಯಲ್ಲಿ ಒಂದೇ ಥರದ ಕಣ್ಣು ಬಂದಿದೆ, ಅಲ್ವಾ? ಆಮೇಲೆ ಓಪಬಿನಿಯಾ ಕೂಡ ಏಡಿ, ಕೀಟಗಳ ದೂರದ ನಂಟ ಅಂತ ಗೊತ್ತಾಗಿ ಗೌಲ್ಡ್ ವಾದದ ಅಬ್ಬರ ಸ್ವಲ್ಪ ಇಳಿಯಿತು.

ಟೇಪನ್ನು ನಿಜವಾಗಿ ಮತ್ತೆ ಹಾಕಿ ನೋಡಿದ್ದೂ ಉಂಟು. ಅಮೆರಿಕದ ಜೀವವಿಜ್ಞಾನಿ ರಿಚರ್ಡ್ ಲೆನ್ಸ್ಕಿ 1988ರಲ್ಲಿ ಒಂದೇ ಬ್ಯಾಕ್ಟೀರಿಯಾದಿಂದ 12 ಸಂತತಿಗಳನ್ನು ಬೇರೆ ಬೇರೆ ಶೀಷೆಗಳಲ್ಲಿ ಬೆಳೆಸತೊಡಗಿದರು. ಹನ್ನೆರಡೂ ಮೊದಲಿಗಿಂತ ಬೇಗ ಬೆಳೆಯಲು ಕಲಿತವು. ಅಷ್ಟರಮಟ್ಟಿಗೆ ಅದೃಷ್ಟದ ಮಾತಿಲ್ಲ. ಆದರೆ 30,000 ತಲೆಮಾರು ದಾಟಿದ ಮೇಲೆ ಒಂದೇ ಒಂದು ಶೀಷೆಯಲ್ಲಿ, ಶೀಷೆಯ ದ್ರವದಲ್ಲಿದ್ದರೂ ಈ ಬ್ಯಾಕ್ಟೀರಿಯಾಗಳು ಮುಟ್ಟದಿದ್ದ ಸಿಟ್ರೇಟ್ ಎಂಬ ರಾಸಾಯನಿಕವನ್ನು ತಿನ್ನುವ ಗುಣ ಬಂತು. ಫ್ರೀಜರ್‌ನಲ್ಲಿಟ್ಟಿದ್ದ ಅದೇ ಶೀಷೆಯ ಹಿಂದಿನ ತಲೆಮಾರುಗಳನ್ನು ಮತ್ತೆ ಬೆಳೆಸಿದರು. ತೀರಾ ಹಳೆಯವುಗಳಿಂದ ಆ ಗುಣ ಮತ್ತೆ ಬರಲಿಲ್ಲ, ಈಚಿನ ಕೆಲವದರಿಂದ ಬಂತು. ಅಂದರೆ ನಡುವೆ ಎಲ್ಲೋ ಆದ ಒಂದು ಬದಲಾವಣೆ ಬಾಗಿಲು ತೆರೆದಿಟ್ಟಿತ್ತು. ಗೌಲ್ಡ್ ಪರ ನಿಲ್ಲುವವರಿಗೆ ನನ್ನ ಲೆಕ್ಕದಲ್ಲಿ ಐದು ಕಣ್ಣಿನ ಪ್ರಾಣಿಗಿಂತ ಇದೇ ಗಟ್ಟಿ ಸಾಕ್ಷಿ.

ನೀವು ಬೆಳೆಗಾರರು, ಹಾಗಾಗಿ ಇನ್ನೊಂದು ಮಾತು. ನಿಮ್ಮ ಅರೇಬಿಕಾ ಕೂಡ ಆಕಸ್ಮಿಕದ ಕೂಸು. ಆಫ್ರಿಕದ ಕಾಡಿನಲ್ಲಿ ರೊಬಸ್ಟಾ ಜಾತಿಯೂ ಯೂಜೀನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಜಾತಿಯೂ ತಾವಾಗಿಯೇ ಬೆರೆತು ಅದು ಹುಟ್ಟಿತು. ಎರಡರ ತಲಾ 22 ಕ್ರೋಮೋಸೋಮುಗಳೂ ಸೇರಿ ಅರೇಬಿಕಾಕ್ಕೆ 44. ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಹುಟ್ಟಿದ್ದೇ ಇಂಥ ಇಕ್ಕಟ್ಟಿನ ದಾರಿಯಲ್ಲಾದ್ದರಿಂದ ಅರೇಬಿಕಾದ ಗಿಡಗಿಡಗಳ ನಡುವೆ ವ್ಯತ್ಯಾಸ ಕಡಿಮೆ. ಬಾಬಾಬುಡನ್ ತಂದದ್ದು ಏಳೇ ಬೀಜ ಅನ್ನುವ ಪ್ರತೀತಿ ನಿಜವಾದರೆ ಇಲ್ಲಿ ಅದು ಇನ್ನೂ ಕಡಿಮೆಯಾಗಿರಬೇಕು. ಎಲೆ ತುಕ್ಕು ರೋಗ ಅರೇಬಿಕಾ ತೋಟಗಳನ್ನು ಅಷ್ಟು ಸುಲಭವಾಗಿ ಹಿಡಿಯಲು ಇದೂ ಒಂದು ಕಾರಣ. ಅದಕ್ಕೇ ತಳಿ ಮಾಡುವವರು ಬೇರೆ ಜಾತಿಯ ರಕ್ತ ಹುಡುಕಿದ್ದು. ನಿಮ್ಮಲ್ಲಿ ಎಸ್.795 ತಳಿ ಇದ್ದರೆ ಅದರಲ್ಲಿ ಲೈಬೀರಿಕಾ ಎಂಬ ಮತ್ತೊಂದು ಕಾಫಿ ಜಾತಿಯ ಅಂಶವೂ ಇದೆ.