ಫೋಟೊ ತೂಗುಹಾಕಿದರೆ ಸಾಲದು

ಪ್ರಶ್ನೆ: ನಮ್ಮ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಲೇಖಕಿಯರು, ನಾಯಕಿಯರ ಫೋಟೊ ಹಾಕಿದ್ದೇವೆ. ಮಕ್ಕಳು ತಿರುಗಿಯೂ ನೋಡುವುದಿಲ್ಲ. ಏನು ಮಾಡಬೇಕು?
– ಒಬ್ಬ ಶಿಕ್ಷಕಿ, ಗದಗ

ಉತ್ತರ: ‘ಪರಿಚಯ ಬರೆದು ತನ್ನಿ’ ಎಂದಿರೋ, ಮೊಬೈಲ್ ನೋಡಿ ನಕಲಿಳಿಸಿ ತರುತ್ತಾರೆ. ಅದನ್ನು ಮೊದಲು ನಿಲ್ಲಿಸಿ. ಐದೈದು ಮಕ್ಕಳ ಗುಂಪಿಗೆ ಒಬ್ಬರನ್ನೇ ಕೊಡಿ, ಹತ್ತಿರದವರಿಂದ ಶುರುಮಾಡಿ: ಹುಬ್ಬಳ್ಳಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕಿಯರನ್ನು ಕಟ್ಟಿದ ಉಮಾಬಾಯಿ ಕುಂದಾಪುರ, ಶಿಗ್ಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ, ‘ನನ್ನ ಬದುಕಿನ ಹಾಡು’ ಆತ್ಮಕಥೆಯ ಗಂಗೂಬಾಯಿ ಹಾನಗಲ್. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದ ಬಾನು ಮುಷ್ತಾಕ್ ಅವರ ಕಥೆಗಳನ್ನು ಹತ್ತನೇ ತರಗತಿಗೆ ಇಟ್ಟುಕೊಳ್ಳಿ, ಚಿಕ್ಕವರಿಗೆ ಭಾರವಾಗುತ್ತವೆ.

40 ನಿಮಿಷದ ಅವಧಿಯಲ್ಲಿ 15 ನಿಮಿಷ ಗಟ್ಟಿಯಾಗಿ ಓದಿಸಿ, ಐದಾರು ಪುಟ ಸಾಕು. ಆಮೇಲೆ ಪ್ರತಿ ಹುಡುಗಿಯೂ ಒಂದು ಚೀಟಿಯಲ್ಲಿ ಒಂದೇ ಪ್ರಶ್ನೆ ಬರೆಯಲಿ, ಹೆಸರು ಬೇಡ. ಹೆಸರಿದ್ದರೆ ಟೀಚರಿಗೆ ಹಿಡಿಸುವ ಪ್ರಶ್ನೆಯೇ ಬರುತ್ತದೆ. ಉಳಿದ ಹೊತ್ತು ಆ ಚೀಟಿಗಳ ಮೇಲೆ ಮಾತು.

ಊರಿನ ಲೇಖಕಿಯನ್ನು ಕರೆಸುವುದಾದರೆ ಚೀಟಿಗಳನ್ನು ವಾರ ಮೊದಲೇ ಕಳಿಸಿ. ಹಾರ-ತುರಾಯಿ, ಸ್ವಾಗತ, ವಂದನಾರ್ಪಣೆ ಎಲ್ಲ ಸೇರಿ ಹತ್ತು ನಿಮಿಷ ಮೀರಬಾರದು. ನಮ್ಮ ಕಡೆ ಕಾರ್ಯಕ್ರಮ ಕೆಡುವುದೇ ಅಲ್ಲಿ!