ಮೌಂಟನ್ ಬೈಕಿಂಗ್‌ಗೆ ಹಗುರವಾದ, ಆರಾಮಾದ ನೀ ಪ್ಯಾಡ್ ಯಾವುದು ತಗೊಳ್ಳಲಿ?

ಭಾನುವಾರ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಶನ್ ಇಲ್ಲದ ಮೌಂಟನ್ ಬೈಕ್) ತಗೊಂಡು ಬೆಂಗಳೂರಿನ ಅವಲಹಳ್ಳಿ ಕಾಡಿಗೆ ಹೋಗ್ತೀರಿ. ಈಗಿರುವ ಪ್ಯಾಡ್ ಭಾರ, ಸೆಕೆ, ಹತ್ತು ನಿಮಿಷಕ್ಕೆ ಕಣಕಾಲಿಗೆ ಜಾರುತ್ತದೆ. ಇಷ್ಟೇ ಅಲ್ವಾ ನಿಮ್ಮ ಗೋಳು? ನೇರವಾಗಿ ಹೇಳಿಬಿಡ್ತೀನಿ: ಗಟ್ಟಿ ಚಿಪ್ಪಿನದು ಬೇಡ. ಕಾಲುಚೀಲದ ಹಾಗೆ ಎಳೆದು ಹಾಕುವ, ಮಂಡಿ ಮೇಲೆ ಮಾತ್ರ ಮೆತ್ತನೆಯ ಪ್ಯಾಡ್ ಇರುವ ಸ್ಲೀವ್ ತರಹದ್ದು ತಗೊಳ್ಳಿ. ಸೈಜ್ ಮಾತ್ರ ಅಂದಾಜಿಗೆ ಬಿಡಬೇಡಿ.

ನನ್ನ ಮೊದಲ ಜೋಡಿ ಪ್ಲಾಸ್ಟಿಕ್ ಚಿಪ್ಪಿನದು, ಮೋಟಾರ್‌ಬೈಕ್ ಓಡಿಸುವವರು ಹಾಕುವಂಥದ್ದು. ಅಂಗಡಿಯಲ್ಲಿ ಹಾಕಿಕೊಂಡು ನಿಂತಾಗ ಕಾಲಿಗೆ ಕೋಟೆ ಕಟ್ಟಿದ ಹಾಗಿತ್ತು. ಪೆಡಲ್ ತುಳಿಯಲು ಶುರು ಮಾಡಿದ ಮೇಲೆ ನೋಡಿ, ಮಂಡಿಯ ಹಿಂದೆ ಪಟ್ಟಿ ಕೊಯ್ಯತೊಡಗಿತು. ಸರಿ, ಏರು ಬಂದಾಗ ಬಿಚ್ಚಿ ಬ್ಯಾಗಿಗೆ ಹಾಕೋಣ, ಇಳಿಜಾರಿಗೆ ಮತ್ತೆ ಕಟ್ಟಿಕೊಳ್ಳೋಣ ಅಂತ ಲೆಕ್ಕ ಹಾಕಿದೆ. ತುರಹಳ್ಳಿ ಕಾಡಲ್ಲಿ ಒಂದು ಬೆಳಿಗ್ಗೆ ಬಿದ್ದೆ. ಬಂಡೆ ಇಳಿಯುವಾಗ ಅಲ್ಲ, ಸಪಾಟು ದಾರಿಯಲ್ಲಿ, ಕೆಂಪು ಮಣ್ಣಿನ ಮೇಲಿದ್ದ ಸಣ್ಣ ಜಲ್ಲಿಗೆ ಮುಂದಿನ ಚಕ್ರ ಜಾರಿ. ಪ್ಯಾಡ್ ಎಲ್ಲಿತ್ತು? ಬೆನ್ನ ಮೇಲಿನ ಬ್ಯಾಗಲ್ಲಿ. ಮನೆಗೆ ಬಂದು ಬಚ್ಚಲಲ್ಲಿ ಕೂತು ಮಂಡಿಯಿಂದ ಒಂದೊಂದೇ ಹರಳು ತೆಗೆದೆ. ಎರಡು ವಾರ ಇಂಡಿಯನ್ ಟಾಯ್ಲೆಟ್ ಅಂದರೆ ಕಣ್ಣಲ್ಲಿ ನೀರು.

ಅದಕ್ಕೇ ನಾನು ಮೊದಲು ನೋಡುವುದು ಒಂದೇ: ಏರಿನಲ್ಲೂ ಬಿಚ್ಚದೆ ಹಾಕಿಕೊಂಡಿರಲು ಆಗುತ್ತಾ?

ಮೆತ್ತಗಿದ್ದರೆ ಏಟು ತಡೆಯುತ್ತಾ ಅಂತ ನನಗೂ ಅನುಮಾನ ಇತ್ತು. ಕಾರ್ನ್‌ಫ್ಲೋರ್‌ಗೆ ಸ್ವಲ್ಪ ನೀರು ಹಾಕಿ ಕಲಸಿ ನೋಡಿದ್ದೀರಾ? ನಿಧಾನಕ್ಕೆ ಬೆರಳಿಟ್ಟರೆ ಒಳಗೆ ಹೋಗುತ್ತದೆ, ಗುದ್ದಿದರೆ ಗಟ್ಟಿಯಾಗುತ್ತದೆ. ಡಿ3ಓ ಅನ್ನುವ ಕಿತ್ತಳೆ ಬಣ್ಣದ ಮೆತ್ತೆಯ ಗುಣವೂ ಹೆಚ್ಚುಕಡಿಮೆ ಹೀಗೇ. ಪಿಒಸಿ ಕಂಪನಿಯವರು ತಮ್ಮ ಇಂಥ ಮೆತ್ತೆಯನ್ನು ವಿಪಿಡಿ ಅನ್ನುತ್ತಾರೆ, ಸಾಸ್-ಟೆಕ್ ಅನ್ನುವುದು ಇಂಥದ್ದೇ ಇನ್ನೊಂದು. ಚಳಿಯಲ್ಲಿ ಇಂಥವು ಕೊಂಚ ಬಿಗಿಯಾಗುತ್ತವೆ, ಮೈಬಿಸಿಗೆ ಮೆತ್ತಗಾಗುತ್ತವೆ. ನಮ್ಮೂರಲ್ಲಿ ಅದರ ಚಿಂತೆ ಡಿಸೆಂಬರ್ ಬೆಳಿಗ್ಗೆ ಆರು ಗಂಟೆಗೆ ಮಾತ್ರ.

ಪ್ಯಾಡ್ ಮೇಲೆ ಅಥವಾ ಒಳಗಿನ ಚೀಟಿಯಲ್ಲಿ ಇಎನ್ 1621-1 ಅಂತ ಇದೆಯಾ ನೋಡಿ. ಇದು ಮೋಟಾರ್‌ಬೈಕಿನವರಿಗೆ ಅಂತ ಮಾಡಿದ ಯುರೋಪಿನ ಅಳತೆಗೋಲು, ಸೈಕಲ್ ಪ್ಯಾಡ್‌ನವರೂ ಇದನ್ನೇ ಬಳಸುತ್ತಾರೆ. 50 ಜೂಲ್ ಏಟು ಕೊಟ್ಟು, ಆಚೆ ಕಡೆಗೆ ಎಷ್ಟು ಬಲ ದಾಟುತ್ತದೆ ಅಂತ ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಲೆವೆಲ್ 2 ಸಾಮಾನ್ಯವಾಗಿ ದಪ್ಪ. ನೀವು ದೊಡ್ಡ ಜಂಪ್ ಹೊಡೆಯಲ್ಲ ಅಂದರೆ ಲೆವೆಲ್ 1 ಸಾಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ಸೈಜ್. ಜಾರುವ ಕಾಯಿಲೆಗೆ ಮದ್ದು ಇಲ್ಲೇ ಇರೋದು. ಟೇಲರ್ ಟೇಪ್ ತಗೊಂಡು ಮಂಡಿಚಿಪ್ಪಿನ ಮೇಲೆ ತೊಡೆಯ ಸುತ್ತಳತೆ, ಕೆಳಗೆ ಮೀನಖಂಡದ ಸುತ್ತಳತೆ, ಎರಡನ್ನೂ ಬರೆದಿಟ್ಟುಕೊಳ್ಳಿ. ಚಿಪ್ಪಿನಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ ಅಳೆಯಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಅವರ ಚಾರ್ಟನ್ನೇ ನೋಡಿ. ಪ್ಯಾಂಟಿನ ಎಂ, ಎಲ್ ನಂಬಬೇಡಿ. ನನ್ನ ಪ್ಯಾಂಟು ಎಂ, ಪ್ಯಾಡ್ ಎಲ್.

ಆಮೇಲೆ ಅಂಗಡಿಯಲ್ಲಿ ಹಾಕಿಕೊಂಡು ಸುಮ್ನೆ ನಿಲ್ಲಬೇಡಿ. ಇಪ್ಪತ್ತು ಬಸ್ಕಿ ಹೊಡೆಯಿರಿ. ಅಂಗಡಿಯವರು ನಕ್ಕರೆ ನಗಲಿ. ಎದ್ದು ನಿಂತಾಗ ಮೇಲಿನ ಅಂಚು ಇದ್ದಲ್ಲೇ ಇರಬೇಕು, ಮಂಡಿಚಿಪ್ಪು ಪ್ಯಾಡಿನ ಗುಳಿಯೊಳಗೇ ಕೂತಿರಬೇಕು. ಅಂಚಿನ ಒಳಗೆ ಸಿಲಿಕೋನ್ ಪಟ್ಟಿ ಇದ್ದರೆ ಬೆವರಿದರೂ ಹಿಡಿತ ಸಿಗುತ್ತದೆ. ಆದರೆ ಬಿಚ್ಚಿದ ಮೇಲೆ ತೊಡೆ ಮೇಲೆ ಕೆಂಪು ಬರೆ ಉಳಿದರೆ ಅದು ಹಿಡಿತ ಅಲ್ಲ, ಸೈಜ್ ಚಿಕ್ಕದು. ಪ್ಯಾಡ್ ಮೊದಲೇ ಬಾಗಿದ ಆಕಾರದಲ್ಲಿ ಇರಲಿ. ನೇರವಾಗಿದ್ದರೆ ಒಂದೊಂದು ಪೆಡಲಿಗೂ ಅದನ್ನು ಬಗ್ಗಿಸುವ ಕೆಲಸ ನಿಮ್ಮದೇ.

ಮಂಡಿಯ ಹಿಂಭಾಗ ತೆಳುವಾದ ಜಾಲರಿ ಬಟ್ಟೆ ಇರಬೇಕು. ದಪ್ಪ ನಿಯೋಪ್ರೀನ್ ರಬ್ಬರ್ ಆದರೆ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಬೆವರುಸಾಲೆ ಗ್ಯಾರಂಟಿ. ಗ್ರಾಂ ಲೆಕ್ಕಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆವರು ಕುಡಿದು ಒದ್ದೆಯಾಗುವ ಪ್ಯಾಡ್, ಡಬ್ಬದ ಮೇಲೆ ಎಷ್ಟೇ ಹಗುರ ಅಂತ ಬರೆದಿದ್ದರೂ ಒಂದು ಗಂಟೆಯಲ್ಲಿ ಭಾರವೇ.

ಮೆಡಿಕಲ್ ಶಾಪಲ್ಲಿ ಸಿಗುವ ನೀ ಕ್ಯಾಪ್ ಬೇರೆ, ಇದು ಬೇರೆ. ಅದು ಮಂಡಿಗೆ ಆಸರೆ ಕೊಡುತ್ತದೆ, ಏಟು ತಡೆಯಲ್ಲ. ನನ್ನ ಸ್ಲೀವ್ ನೋಡಿ ಅಮ್ಮ "ಈ ವಯಸ್ಸಿಗೇ ಮಂಡಿ ನೋವಾ?" ಅಂತ ಕೇಳಿ ಎಳ್ಳೆಣ್ಣೆ ಬಿಸಿ ಮಾಡಲು ಹೋಗಿದ್ದರು.

ಪ್ರತಿ ಸಲ ಬಂದ ಮೇಲೆ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಬ್ಯಾಗಲ್ಲೇ ಮರೆತರೆ ಬುಧವಾರದ ಹೊತ್ತಿಗೆ ಮನೆಯವರೆಲ್ಲ ಇಲಿ ಸತ್ತಿದೆ ಅಂತ ಹುಡುಕುತ್ತಾರೆ. ಆ ಹಳೆಯ ಚಿಪ್ಪಿನ ಜೋಡಿ ಈಗ ಅಮ್ಮನ ಪಾಲಾಗಿದೆ. ತಾರಸಿಯಲ್ಲಿ ಕುಂಡಗಳಿಗೆ ಮಣ್ಣು ಹಾಕುವಾಗ ಕಟ್ಟಿಕೊಂಡು ಮಂಡಿಯೂರುತ್ತಾರೆ. ಪೆಡಲ್ ತುಳಿಯೋದಿಲ್ವಲ್ಲ, ಅವರಿಗೆ ಒಂಚೂರೂ ಕೊಯ್ಯಲ್ಲವಂತೆ.